ಮಳೆಗೆ ಮುಂಚೆ ಬರುವವರು: ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ

ಶಿವಮೊಗ್ಗ ಜಿಲ್ಲೆಯಲ್ಲಿ ಘಟ್ಟದ ಅಂಚಿಗೆ ಹತ್ತಿಕೊಂಡಿರುವ ಹೋಬಳಿಯೊಂದರಲ್ಲಿ ನಮ್ಮ ಮನೆಗೆ ಎರಡು ಎಕರೆಗೆ ತುಸು ಕಡಿಮೆ ಅಡಿಕೆ ತೋಟವಿದೆ, ತೋಟದ ಕೆಳಗೆ ಒಂದು ಎಕರೆ ಗದ್ದೆ ಇದೆ, ಅಡಿಕೆ ಮರಗಳಿಗೆ ಹಬ್ಬಿಸಿದ ಒಂದಿಷ್ಟು ಕಾಳುಮೆಣಸಿನ ಬಳ್ಳಿಗಳಿವೆ. ಇಷ್ಟು ಜಮೀನಿರುವ ಮನೆಗೆ ಸರ್ಕಾರ ಎಂದರೆ ಮುಖ್ಯವಾಗಿ ಎರಡು ಕಚೇರಿಗಳು. ಪಹಣಿಗೆ ನಾಡಕಚೇರಿ, ಬೆಳೆಗೆ ರೈತ ಸಂಪರ್ಕ ಕೇಂದ್ರ. ಈ ಎರಡನೆಯದರ ಮೆಟ್ಟಿಲನ್ನು ನಾನು ಹನ್ನೊಂದು ವರ್ಷಗಳಿಂದ ಹತ್ತುತ್ತಿದ್ದೇನೆ. ಅದು ಏನನ್ನು ಚೆನ್ನಾಗಿ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಹೊಸದಾಗಿ ಬೇಸಾಯಕ್ಕೆ ಇಳಿದವರಿಗೂ, ಬೆಂಗಳೂರಿನಿಂದ ಊರಿಗೆ ಮರಳಿ ತೋಟ ನೋಡಿಕೊಳ್ಳಲು ತೊಡಗಿರುವ ನಮ್ಮ ಕಡೆಯ ಯುವಕರಿಗೂ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಹೋಬಳಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ಕೆಲಸ ಮಾಡುವವರು ಬೆರಳೆಣಿಕೆಯ ಮಂದಿ. ಹೆಸರು ಹೇಳಿದರೆ ನನ್ನ ದೂರುಗಳೆಲ್ಲ ಅವರ ತಲೆಯ ಮೇಲೆ ಬೀಳುತ್ತವೆ, ಆದರೆ ಆ ದೂರುಗಳಲ್ಲಿ ಬಹುಪಾಲಿಗೆ ಅವರು ಕಾರಣರಲ್ಲ.

ಹೋಬಳಿ ಮಟ್ಟದಲ್ಲಿ ಇಂಥದೊಂದು ಕೇಂದ್ರ ಇರಬೇಕೆಂಬ ಏರ್ಪಾಡು ಕರ್ನಾಟಕದಲ್ಲಿ 2000ದ ಸುಮಾರಿಗೆ ಆರಂಭವಾಯಿತು. ಅದಕ್ಕೂ ಹಿಂದೆ, 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆಗೆ ಬಂದ ಗ್ರಾಮಸೇವಕರಿದ್ದರು. ಆಮೇಲೆ 'ತರಬೇತಿ ಮತ್ತು ಭೇಟಿ' ಪದ್ಧತಿಯ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಗೊತ್ತಾದ ವಾರದಂದು ಊರಿಗೆ ಬಂದು ಹೋಗುವ ಸಹಾಯಕರಿದ್ದರು. ನನ್ನ ಅಪ್ಪ ಅವರನ್ನು ಕೊನೆಯವರೆಗೂ 'ಗ್ರಾಮಸೇವಕ್ರು' ಎಂದೇ ಕರೆಯುತ್ತಿದ್ದರು. ಅವರು ಸೈಕಲ್ ತಳ್ಳಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಗದ್ದೆಗೆ ಇಳಿಯುತ್ತಿದ್ದರಂತೆ. ಈಗ ದಿಕ್ಕು ಬದಲಾಗಿದೆ. ನಾವು ಕೇಂದ್ರಕ್ಕೆ ಹೋಗಬೇಕು, ಕೇಂದ್ರ ನಮ್ಮಲ್ಲಿಗೆ ಬರುವುದು ಅಪರೂಪ. ಈ ಕೇಂದ್ರದ ಬಗ್ಗೆ ನನಗಿರುವ ಮೆಚ್ಚುಗೆಯೂ ಅಸಮಾಧಾನವೂ ಸುತ್ತಿ ಸುಳಿದು ಇದೇ ಸಂಗತಿಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಒಬ್ಬರು ಸರಿಯಾದ ವಾರದಲ್ಲಿ ತೋಟಕ್ಕೆ ಬಂದಾಗ ನಮಗಾದ ಉಪಕಾರ ದೊಡ್ಡದು. ಬಾರದೆ ಉಳಿದ ವರ್ಷಗಳಲ್ಲಿ ಅದು ರಿಯಾಯಿತಿ ದರದಲ್ಲಿ ಸಾಮಾನು ಕೊಡುವ ಅಂಗಡಿಯಾಗಿಯೇ ಉಳಿದಿದೆ.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ, ಮುಂದೆ ಒಂದು ಕೋಣೆ, ಹಿಂದೆ ಗೋದಾಮು. ಮಳೆಗಾಲದಲ್ಲಿ ಗೋದಾಮಿನ ಒಂದು ಮೂಲೆ ಸೋರುತ್ತದೆ, ಬೀಜದ ಚೀಲಗಳನ್ನು ಅಲ್ಲಿಂದ ಸರಿಸಿ ಮರದ ಹಲಗೆಯ ಮೇಲೆ ಪೇರಿಸಿರುತ್ತಾರೆ. ಗೋಡೆಯ ಮೇಲೆ ದಾಸ್ತಾನು ಮತ್ತು ದರದ ಫಲಕವಿದೆ. ಅದನ್ನು ಪ್ರತಿ ವಾರ ಸೀಮೆಸುಣ್ಣದಲ್ಲಿ ತಿದ್ದುತ್ತಾರೆ ಎಂಬುದನ್ನು ಮೆಚ್ಚಿ ಬರೆಯಬೇಕು, ಏಕೆಂದರೆ ಹತ್ತಾರು ಕಿಲೋಮೀಟರ್ ದೂರದಿಂದ ಬಂದವನಿಗೆ ಇದೆಯೋ ಇಲ್ಲವೋ ಎಂಬುದು ಬಾಗಿಲಲ್ಲೇ ತಿಳಿಯುತ್ತದೆ. ಯೂರಿಯಾ, ಪೊಟ್ಯಾಷ್ ಇಲ್ಲಿ ಸಿಗುವುದಿಲ್ಲ, ಅದಕ್ಕೆ ಸೊಸೈಟಿಗೆ ಹೋಗಬೇಕು. ಇಲ್ಲಿ ಸಿಗುವುದು ಭತ್ತದ ಬೀಜ, ಲಘು ಪೋಷಕಾಂಶ, ಜೈವಿಕ ಗೊಬ್ಬರ, ಕೆಲವು ಔಷಧಿ, ಟಾರ್ಪಾಲು, ಸ್ಪ್ರೇಯರ್, ತುಂತುರು ನೀರಾವರಿಯ ಪೈಪು, ಇಂಥವು.

ಬೀಜದ ವಿಷಯದಲ್ಲಿ ಕೇಂದ್ರಕ್ಕೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ. ಸಾಮಾನ್ಯ ವರ್ಗದ ರೈತರಿಗೆ ಬೀಜದ ಮೇಲೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 75 ರಿಯಾಯಿತಿ ಇದೆ. ಅದಕ್ಕಿಂತಲೂ ನನಗೆ ಮುಖ್ಯವೆನಿಸಿದ್ದು ತಳಿಯ ಬಗ್ಗೆ ಅಲ್ಲಿ ಸಿಕ್ಕ ತಿಳಿವಳಿಕೆ. ನಮ್ಮ ಕಡೆ ಊಟಕ್ಕೆ ಕೆಂಪಕ್ಕಿ ಬೇಕು, ಆದ್ದರಿಂದ ಬಹಳ ವರ್ಷ ಜ್ಯೋತಿ ತಳಿಯನ್ನೇ ಬೆಳೆಯುತ್ತಿದ್ದೆವು. ಮೋಡ ಕವಿದ ವರ್ಷಗಳಲ್ಲಿ ಅದಕ್ಕೆ ಬೆಂಕಿ ರೋಗ ತಗುಲಿ, ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು, ಕೊಯ್ಲಿನ ಹೊತ್ತಿಗೆ ಹುಲ್ಲೇ ಹೆಚ್ಚು ಕಾಳೇ ಕಡಿಮೆ ಎಂಬ ಸ್ಥಿತಿ ಬರುತ್ತಿತ್ತು. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಕಿ ರೋಗವನ್ನು ತಡೆಯಬಲ್ಲ 'ಸಹ್ಯಾದ್ರಿ ಮೇಘ' ಎಂಬ ಕೆಂಪಕ್ಕಿ ತಳಿಯನ್ನು ತಂದಿದೆ ಎಂದು ನನಗೆ ಮೊದಲು ತಿಳಿದದ್ದು ಈ ಕೇಂದ್ರದ ಕೃಷಿ ಅಧಿಕಾರಿಯಿಂದ. ಆ ವರ್ಷ ಕೇಂದ್ರದಲ್ಲಿ ಆ ಬೀಜ ಇರಲಿಲ್ಲ. 'ಇಲ್ಲ' ಎಂದು ಹೇಳಿ ಕಳುಹಿಸಿದ್ದರೆ ನಾನು ಸುಮ್ಮನೆ ಮರಳುತ್ತಿದ್ದೆ. ಅವರು ನವಿಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ನನ್ನ ಎದುರೇ ಫೋನು ಮಾಡಿ, ಯಾರನ್ನು ಕಾಣಬೇಕು, ಯಾವಾಗ ಬರಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಕೊಟ್ಟರು. ಮೊದಲ ವರ್ಷ ಗದ್ದೆಯ ಒಂದು ಮಡಿಗೆ ಮಾತ್ರ ಹಾಕಿ ನೋಡಿ ಎಂದೂ ಹೇಳಿದರು. ಒಮ್ಮೆಗೇ ಎಲ್ಲ ಗದ್ದೆಗೆ ಹಾಕಿ ಎನ್ನದೆ ಒಂದು ಮಡಿ ಎಂದದ್ದರಿಂದಲೇ ನನಗೆ ಅವರ ಮಾತಿನ ಮೇಲೆ ನಂಬಿಕೆ ಬಂತು.

ಬೀಜ ಬರುವ ಸಮಯ ಮಾತ್ರ ಪ್ರತಿ ವರ್ಷವೂ ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಮಲೆನಾಡಿನಲ್ಲಿ ಅಗೆ (ಭತ್ತದ ಸಸಿಮಡಿ) ಹಾಕಲು ಜೂನ್ ಮೊದಲ ಮಳೆಗಾಗಿ ಕಾಯುತ್ತೇವೆ. ಮೇ ತಿಂಗಳ ಕೊನೆಯಲ್ಲಿ ಬೀಜ ಕೈಯಲ್ಲಿದ್ದರೆ ಉಪ್ಪುನೀರಿನಲ್ಲಿ ಜೊಳ್ಳು ತೇಲಿಸಿ ತೆಗೆದು, ಬೀಜೋಪಚಾರ ಮಾಡಿ, ಮೊಳಕೆ ಕಟ್ಟಲು ಸಮಯ ಸಿಗುತ್ತದೆ. ಎರಡು ವರ್ಷ ಬೀಜ ಬಂದದ್ದು ಹೊಳೆ ಕೆಂಪಾಗಿ ತುಂಬಿ ಹರಿಯಲು ತೊಡಗಿದ ಮೇಲೆ. ಅಷ್ಟರಲ್ಲಿ ಪಕ್ಕದ ಮನೆಯವರಿಂದ ಕಡ ತಂದ ಕಾಳನ್ನೇ ಹಾಕಿಯಾಗಿತ್ತು.

ಈಗ ಹೇಳಲು ಹೊರಟಿರುವ ಸಂಗತಿಗಾಗಿಯೇ ಈ ಬರಹಕ್ಕೆ ಕೈ ಹಾಕಿದ್ದು. ಅಡಿಕೆಯ ಕೊಳೆರೋಗ ನಮಗೆ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಇದನ್ನು ಅಧ್ಯಯನ ಮಾಡಿ, ಇದು ಒಂದು ಬಗೆಯ ಶಿಲೀಂಧ್ರದಿಂದ ಬರುವ ರೋಗವೆಂದು ತೋರಿಸಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ಬೆಳೆಗಾರರಿಗೆ ಕಲಿಸಿದರು. ನೂರು ವರ್ಷಕ್ಕೂ ಹಿಂದಿನ ಆ ಪಾಠವೇ ಇಂದಿಗೂ ನಮ್ಮನ್ನು ಕಾಯುತ್ತಿದೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಇದು ಎಲ್ಲರಿಗೂ ಬಾಯಿಪಾಠವಾಗಿರುವುದರಿಂದಲೇ ಇದರಲ್ಲಿ ತಪ್ಪಾಗಬಹುದೆಂಬ ಸಂಶಯ ಯಾರಿಗೂ ಬರುವುದಿಲ್ಲ, ನನಗೂ ಬಂದಿರಲಿಲ್ಲ. ಎರಡು ವರ್ಷ ಸತತವಾಗಿ ಔಷಧಿ ಹೊಡೆಸಿದ ಮೇಲೂ ಜುಲೈ ಹೊತ್ತಿಗೆ ತೋಟದ ತುಂಬ ಹಸಿ ಕಾಯಿ ಉದುರಿತು. ಬೆಳಿಗ್ಗೆ ಹೋದರೆ ಕಾಲಿಟ್ಟಲ್ಲೆಲ್ಲ ಬಿಳಿ ಬೂಷ್ಟು ಹಿಡಿದ ಕಾಯಿ, ಮೂಗಿಗೆ ಹೊಡೆಯುವ ಕೊಳೆತ ವಾಸನೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸರಿಯಾಗಿ ಹೊಡೆದಿಲ್ಲವೆಂದು ಅವನನ್ನು ಬೈದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮೂರನೆಯ ವರ್ಷ ಜೂನ್ ಮೊದಲ ವಾರದಲ್ಲಿ ಕೇಂದ್ರಕ್ಕೆ ತೋಟಗಾರಿಕೆಯ ಕಡೆಯಿಂದ ಹೊಸದಾಗಿ ನಿಯೋಜನೆಯಾಗಿದ್ದ ಸಹಾಯಕ ಅಧಿಕಾರಿಯೊಬ್ಬರು, ನಾನು ಕೌಂಟರಿನಲ್ಲಿ ಹೇಳಿಕೊಂಡದ್ದನ್ನು ಕೇಳಿಸಿಕೊಂಡು, ಔಷಧಿ ಹೊಡೆಸುವ ದಿನ ತಿಳಿಸಿ, ಬಂದು ನೋಡುತ್ತೇನೆ ಎಂದರು. ಬರುತ್ತಾರೆಂದು ನಾನು ನಂಬಿರಲಿಲ್ಲ. ಅಂದು ಬೆಳಿಗ್ಗೆ ಏಳೂವರೆಗೆ ಅವರು ತಮ್ಮ ಸ್ಕೂಟರನ್ನು ಸಂಕದ (ಕಾಲುಸೇತುವೆಯ) ಆಚೆಯೇ ನಿಲ್ಲಿಸಿ, ಇಂಬಳ (ಜಿಗಣೆ) ಹತ್ತದಂತೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ನಡೆದು ಬಂದರು. ನಾವು ದ್ರಾವಣ ಕೂಡಿಸಿಟ್ಟಿದ್ದ ಡ್ರಮ್ಮಿನ ಬಳಿ ನಿಂತು, ಅಡಿಕೆ ಸುಲಿಯುವ ಮೆಟ್ಟುಗತ್ತಿ ಇದ್ದರೆ ಕೊಡಿ, ತುಕ್ಕು ಇರಬಾರದು ಎಂದರು. ನನ್ನ ಹೆಂಡತಿ ಅಡುಗೆ ಮನೆಯಿಂದ ತರಕಾರಿ ಹೆಚ್ಚುವ ಚಾಕುವನ್ನೇ ತಂದು ಕೊಟ್ಟಳು. ಅದನ್ನು ಬೂದಿ ಹಾಕಿ ಉಜ್ಜಿ ಹೊಳೆಯುವಂತೆ ಮಾಡಿಸಿ, ದ್ರಾವಣದಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಿಡಿದು ಹೊರಗೆ ತೆಗೆದರು. ಚಾಕುವಿನ ಅಲಗಿನ ಮೇಲೆ ತಾಮ್ರದ ಕೊಡದ ಬಣ್ಣದ ತೆಳುವಾದ ಪೊರೆ ಕೂತಿತ್ತು.

'ಸುಣ್ಣ ಸಾಲದು ನೋಡಿ. ತಾಮ್ರ ಬಿಡಿಯಾಗಿಯೇ ಉಳಿದಿದೆ. ಇದನ್ನು ಹೊಡೆದರೆ ಎಳೆ ಕಾಯಿ ಸುಡುತ್ತದೆ, ಮಳೆ ಬಂದರೆ ತೊಳೆದೂ ಹೋಗುತ್ತದೆ' ಎಂದರು. ನಾನು ತೂಕ ಮಾಡಿಯೇ ಹಾಕಿದ್ದೇನೆ ಮೇಡಂ ಎಂದೆ. ಸುಣ್ಣದ ಚೀಲವನ್ನು ತರಿಸಿ ನೋಡಿದರು. ಅದು ಹಿಂದಿನ ವರ್ಷ ಉಳಿದದ್ದು, ಬಾಯಿ ತೆರೆದೇ ಕೊಟ್ಟಿಗೆಯ ಅಟ್ಟದ ಮೇಲೆ ಇದ್ದದ್ದು. ಗಾಳಿ ತಾಗಿದ ಸುಣ್ಣ ಸತ್ತುಹೋಗಿರುತ್ತದೆ, ತೂಕ ಇದ್ದರೂ ಶಕ್ತಿ ಇರುವುದಿಲ್ಲ ಎಂದು ವಿವರಿಸಿ, ಪೇಟೆಯಿಂದ ಹೊಸ ಸುಟ್ಟ ಸುಣ್ಣ ತರಿಸುವವರೆಗೆ ನಮ್ಮ ಜೊತೆಯೇ ಕಾದರು. ಆಮೇಲೆ ಎರಡು ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಬೇರೆ ಬೇರೆಯಾಗಿ ಐವತ್ತೈವತ್ತು ಲೀಟರ್ ಮಾಡಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕೋಲಿನಿಂದ ತಿರುಗಿಸಲು ಹೇಳಿದರು. ಆಕಾಶದ ಬಣ್ಣದ, ಮೊಸರಿನಂಥ ದ್ರಾವಣ ಕೂಡಿತು. ಚಾಕು ಈ ಸಲ ಹೊಳೆಯುತ್ತಲೇ ಹೊರಗೆ ಬಂತು. ಕಬ್ಬಿಣದ ಬಕೆಟ್ ಬಳಸಬಾರದು, ಮಾಡಿದ ದ್ರಾವಣವನ್ನು ಮರುದಿನಕ್ಕೆ ಉಳಿಸಬಾರದು ಎಂಬುದನ್ನು ಕೊನೆಗೌಡನಿಗೂ ಅವನ ಮಗನಿಗೂ ಎರಡೆರಡು ಸಲ ಹೇಳಿದರು. ಆ ವರ್ಷ ಮಳೆ ಕಡಿಮೆಯೇನೂ ಆಗಿರಲಿಲ್ಲ. ನಮ್ಮ ತೋಟದಲ್ಲಿ ಉದುರಿದ ಕಾಯಿಯನ್ನು ಒಂದು ಹೆಡಿಗೆಯಲ್ಲಿ ತುಂಬಬಹುದಾಗಿತ್ತು. ಆ ಭೇಟಿಗೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಮನೆಯಲ್ಲಿ ಅವರು ತೆಗೆದುಕೊಂಡದ್ದು ಒಂದು ಲೋಟ ಕಷಾಯ ಮತ್ತು ಎರಡು ನೀರುದೋಸೆ.

ಇಂಥ ಸೇವೆ ಕೊಡಬಲ್ಲ ಕಚೇರಿ ಅಡಿಕೆಯ ವಿಷಯದಲ್ಲೇ ನಮ್ಮನ್ನು ಹೆಚ್ಚಾಗಿ ಕೈಬಿಡುತ್ತಿದೆ ಎಂಬುದು ನನ್ನ ಮೊದಲ ದೂರು. ರೈತ ಸಂಪರ್ಕ ಕೇಂದ್ರ ಇರುವುದು ಕೃಷಿ ಇಲಾಖೆಯ ಅಡಿಯಲ್ಲಿ. ಅಡಿಕೆ, ಮೆಣಸು, ಏಲಕ್ಕಿ, ಬಾಳೆ ಸೇರಿರುವುದು ತೋಟಗಾರಿಕೆ ಇಲಾಖೆಗೆ, ಅದರ ಕಚೇರಿ ಇರುವುದು ತಾಲ್ಲೂಕು ಕೇಂದ್ರದಲ್ಲಿ. ಬಯಲುಸೀಮೆಯ ಜೋಳ, ರಾಗಿ ಬೆಳೆಯುವ ಹೋಬಳಿಯಲ್ಲಿ ಈ ವಿಂಗಡಣೆಯಿಂದ ಅಷ್ಟು ತೊಂದರೆಯಾಗದೆ ಇರಬಹುದು. ಮಲೆನಾಡಿನಲ್ಲಿ ಮನೆಯ ಖರ್ಚು, ಮಕ್ಕಳ ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು ಎಲ್ಲವೂ ಅಡಿಕೆಯಿಂದಲೇ ನಡೆಯುತ್ತವೆ, ಗದ್ದೆ ಊಟಕ್ಕೆ ಮಾತ್ರ. ಹಾಗಿರುವಾಗ ಹೋಬಳಿಯ ಕೇಂದ್ರಕ್ಕೆ ಹೋಗಿ ಅಡಿಕೆಯ ಪ್ರಶ್ನೆ ಕೇಳಿದವನಿಗೆ ತಾಲ್ಲೂಕಿಗೆ ಹೋಗಿ ಎಂಬ ಉತ್ತರ ಸಿಕ್ಕಿದರೆ ಅವನು ಏನು ಮಾಡಬೇಕು? ಒಂದು ದಿನದ ಕೆಲಸ ಬಿಟ್ಟು, ಎರಡು ಬಸ್ಸು ಹಿಡಿದು, ಅಲ್ಲಿ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎಂಬ ಮಾತು ಕೇಳಿ ಮರಳಿದವರು ನಮ್ಮ ಊರಿನಲ್ಲಿ ಎಷ್ಟೋ ಮಂದಿ ಇದ್ದಾರೆ.

ಎಲೆಚುಕ್ಕೆ ರೋಗ ಹಬ್ಬಿದಾಗ ಇದರ ಬಿಸಿ ನಮಗೆ ಸರಿಯಾಗಿ ತಟ್ಟಿತು. ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಕಡೆಯ ತೋಟಗಳು ಕಂದು ಬಣ್ಣಕ್ಕೆ ತಿರುಗಿದ ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೊಂದು ಔಷಧಿಯ ಹೆಸರಿತ್ತು. ಔಷಧಿ ಅಂಗಡಿಯವರು ಕೊಟ್ಟದ್ದನ್ನೇ ತಂದು, ಎರಡು ಮೂರನ್ನು ಒಟ್ಟಿಗೆ ಕಲಸಿ ಹೊಡೆದವರಿದ್ದರು. ಹೆಚ್ಚು ಹಾಕಿದರೆ ಬೇಗ ಹೋಗುತ್ತದೆ ಎಂದು ಹೇಳಿದ ಪ್ರಮಾಣದ ಎರಡರಷ್ಟು ಹಾಕಿದವರೂ ಇದ್ದರು. ಆಗ ಬೇಕಾಗಿದ್ದದ್ದು ಊರಿಗೊಬ್ಬರು ಬಂದು, ಚುಕ್ಕೆ ಬಿದ್ದ ಕೆಳಗಿನ ಸೋಗೆಗಳನ್ನು ಕಡಿದು ಸುಡಿ, ಲೀಟರಿಗೆ ಒಂದು ಮಿಲಿ ಶಿಲೀಂಧ್ರನಾಶಕ ಪ್ರೊಪಿಕೊನಜೋಲ್‌ಗಿಂತ ಮೀರಬೇಡಿ, ಪಕ್ಕದ ತೋಟದವರೂ ಜೊತೆಯಲ್ಲೇ ಹೊಡೆಯಲಿ, ಮರಕ್ಕೆ ಪೊಟ್ಯಾಷ್ ಕೊಡುವುದನ್ನು ನಿಲ್ಲಿಸಬೇಡಿ ಎಂದು ಹೇಳುವುದು. ನಮ್ಮ ಕೇಂದ್ರದಲ್ಲಿ ಆ ಹೊತ್ತಿಗೆ ತೋಟಗಾರಿಕೆಯ ಹುದ್ದೆ ಖಾಲಿ ಇತ್ತು. ಚಾಕು ಅದ್ದಿ ತೋರಿಸಿದ ಅಧಿಕಾರಿಗೆ ವರ್ಗವಾಗಿತ್ತು. ಕೃಷಿ ಅಧಿಕಾರಿ ತಮಗೆ ತಿಳಿದಷ್ಟನ್ನು ಹೇಳಿದರು, ಕರಪತ್ರ ಕೊಟ್ಟರು, ಆದರೆ ತೋಟಕ್ಕೆ ಬಂದು ನೋಡುವ ಅಧಿಕಾರವೂ ಸಮಯವೂ ಅವರಿಗೆ ಇರಲಿಲ್ಲ. ನಾವು ಹತ್ತು ಹದಿನೈದು ಮನೆಯವರು ಸೇರಿ ಕಾರು ಮಾಡಿಕೊಂಡು ವಿಜ್ಞಾನಿಗಳನ್ನು ಕಾಣಲು ಹೋಗಬೇಕಾಯಿತು. ಕಾರಿನ ಬಾಡಿಗೆ ಹಾಕುವ ಶಕ್ತಿ ಇಲ್ಲದ ಮನೆಗಳೂ ನಮ್ಮ ಕೇರಿಯಲ್ಲೇ ಇದ್ದವು. ಅವರ ತೋಟಗಳಿಗೂ ನಮ್ಮ ತೋಟಗಳಿಗೂ ನಡುವೆ ಇರುವುದು ಒಂದು ಅಗಳ ಮಾತ್ರ, ಅದು ರೋಗವನ್ನು ತಡೆಯುವುದಿಲ್ಲ.

ಮಣ್ಣು ಪರೀಕ್ಷೆಯ ಸೇವೆಯನ್ನು ಎರಡು ಸಲ ಬಳಸಿದ್ದೇನೆ. ಮಣ್ಣು ತೆಗೆಯುವ ಕ್ರಮವನ್ನು ಅಲ್ಲಿಯ ರೈತ ಅನುವುಗಾರರು ತೋಟದಲ್ಲೇ ಮಾಡಿ ತೋರಿಸಿದರು. ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ ಗೇಣುದ್ದ ಗುಂಡಿ ತೋಡಿ, ಅದರ ಪಕ್ಕದಿಂದ ಕೆರೆದ ಮಣ್ಣನ್ನೆಲ್ಲ ಗೋಣಿಯ ಮೇಲೆ ಕಲಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲನ್ನು ಬಿಡುತ್ತ ಬಂದು, ಕೊನೆಗೆ ಅರ್ಧ ಕಿಲೋ ಉಳಿಸಿ ಚೀಲಕ್ಕೆ ತುಂಬಿದರು. ಮೊದಲ ಸಲದ ಫಲಿತಾಂಶ ನನ್ನ ಕೈಗೆ ಬಂದದ್ದು ನಾನು ಗೊಬ್ಬರ ಹಾಕಿ ಮುಗಿಸಿದ ಮೇಲೆ, ಆದ್ದರಿಂದ ಆ ವರ್ಷಕ್ಕೆ ಅದು ಉಪಯೋಗಕ್ಕೆ ಬರಲಿಲ್ಲ. ಎರಡನೆಯ ಸಲ ಬೇಸಿಗೆಯ ಆರಂಭದಲ್ಲೇ ಕೊಟ್ಟೆ. ರಸಸಾರ (ಪಿಎಚ್) 5.1 ಎಂದು ಬಂತು. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಮಳೆ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುವುದರಿಂದ ಹುಳಿ ಏರುತ್ತದೆ, ಆಗ ಹಾಕಿದ ರಂಜಕ ಮರಕ್ಕೆ ದಕ್ಕುವುದಿಲ್ಲ ಎಂಬುದನ್ನು ತಿಳಿದುಕೊಂಡದ್ದು ಆಗ. ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸನ್ನು ಕಣ್ಣು ಮುಚ್ಚಿ ಪಾಲಿಸುತ್ತ ಬಂದ ನಾನು, ಮೊದಲು ಸುಣ್ಣ ಕೊಟ್ಟು ಆಮೇಲೆ ಗೊಬ್ಬರ ಎಂಬ ಕ್ರಮಕ್ಕೆ ಬದಲಾದೆ. ಈ ಸೇವೆ ಬೇಕಾದವರು ಜನವರಿ ಫೆಬ್ರವರಿಯಲ್ಲೇ ಮಣ್ಣು ಕೊಡುವುದು ಒಳ್ಳೆಯದು. ಮೇ ತಿಂಗಳಲ್ಲಿ ಕೊಟ್ಟರೆ ಕಾರ್ಡು ಬರುವಷ್ಟರಲ್ಲಿ ಮಳೆಗಾಲ ನಡುಮಧ್ಯಕ್ಕೆ ಬಂದಿರುತ್ತದೆ.

ಇನ್ನು ಎಫ್‌ಐಡಿಯ ವಿಷಯ. ರೈತರ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿ ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ ಪಡೆಯದೆ ಈ ಕೇಂದ್ರದಲ್ಲಿ ರಿಯಾಯಿತಿಯ ಯಾವ ಸಾಮಾನೂ ಸಿಗುವುದಿಲ್ಲ. ಆಧಾರ್, ಪಹಣಿ, ಬ್ಯಾಂಕ್ ಖಾತೆ ಎಲ್ಲ ಸರಿಯಾಗಿ ಇದ್ದವರಿಗೆ ಇದರಿಂದ ಅನುಕೂಲವೇ ಆಗಿದೆ. ಒಮ್ಮೆ ನೋಂದಣಿಯಾದರೆ ಪ್ರತಿ ಸಲ ಜೆರಾಕ್ಸ್ ಕಟ್ಟು ಹಿಡಿದು ಹೋಗಬೇಕಾಗಿಲ್ಲ, ವರ್ಷಕ್ಕೆ 6000 ರೂಪಾಯಿಯ ಪಿಎಂ ಕಿಸಾನ್ ಹಣಕ್ಕೂ ಅದೇ ಆಧಾರ. ಆದರೆ ಈ ಜಿಲ್ಲೆಯ ಭೂಮಿಯ ಇತಿಹಾಸವನ್ನು ಬಲ್ಲವರಿಗೆ ಪಹಣಿ ಎಂಬ ಒಂದು ಮಾತಿನಲ್ಲಿ ಎಷ್ಟು ಜನ ಹೊರಗೆ ಉಳಿಯುತ್ತಾರೆಂಬುದು ಗೊತ್ತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಮುಳುಗಿ ಕಾಡಿನಂಚಿಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಅನೇಕರಿಗೆ ಉಳುವ ನೆಲದ ಹಕ್ಕುಪತ್ರ ಇಂದಿಗೂ ಕೈಗೆ ಬಂದಿಲ್ಲ. ಬಗರ್‌ಹುಕುಂ (ಸರ್ಕಾರಿ ನೆಲದ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂಬ) ಅರ್ಜಿ ಹಾಕಿ ಕಾಯುತ್ತಿರುವವರ ಕಥೆಯೂ ಅಷ್ಟೆ. ಅವರ ತೋಟಕ್ಕೂ ಕೊಳೆರೋಗ ಬರುತ್ತದೆ, ಅವರ ಗದ್ದೆಗೂ ಬೀಜ ಬೇಕು.

ಒಂದು ದಿನ ನಾನು ಸಾಲಿನಲ್ಲಿ ನಿಂತಿದ್ದಾಗ ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ಟಾರ್ಪಾಲು ಬೇಕಾಗಿತ್ತು, ಅಡಿಕೆ ಒಣಗಿಸುವ ಕಾಲ. ಅವರ ಪಹಣಿ ತೀರಿಹೋದ ಮಾವನವರ ಹೆಸರಿನಲ್ಲಿಯೇ ಇತ್ತು. ಗಂಡನೂ ಇಲ್ಲ, ಪೌತಿ ಖಾತೆ (ತೀರಿಹೋದವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿಲ್ಲ, ದಾಯಾದಿಗಳು ಸಹಿ ಹಾಕುತ್ತಿಲ್ಲ. ಕಂಪ್ಯೂಟರಿನಲ್ಲಿ ಹೆಸರೇ ಬರುವುದಿಲ್ಲ ಅಮ್ಮ, ನಾನೇನು ಮಾಡಲಿ ಎಂದು ಕೌಂಟರಿನಲ್ಲಿದ್ದ ಹುಡುಗ ಬೇಸರದಿಂದಲೇ ಹೇಳಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. ಅಜ್ಜಿ, ಐವತ್ತು ವರ್ಷದಿಂದ ಆ ತೋಟಕ್ಕೆ ಸೊಪ್ಪು ಹೊತ್ತವಳು ನಾನು ಮಗಾ ಎಂದಷ್ಟೇ ಹೇಳಿ ಕಾರ್ಡನ್ನು ಮತ್ತೆ ಗಂಟು ಕಟ್ಟಿಕೊಂಡರು. ಅಧಿಕಾರಿ ಎದ್ದು ಬಂದು ನಾಡಕಚೇರಿಗೆ ಕೊಡಬೇಕಾದ ಅರ್ಜಿಯನ್ನು ತಾವೇ ಬರೆದುಕೊಟ್ಟರು, ಆದರೆ ಆ ದಿನ ಟಾರ್ಪಾಲು ಕೊಡಲು ಅವರಿಂದ ಆಗಲಿಲ್ಲ. ಬೇಸಾಯ ಮಾಡುತ್ತಿರುವವರು ಯಾರು ಎಂಬುದು ಊರಿಗೆಲ್ಲ ಗೊತ್ತಿರುವಾಗ, ಗ್ರಾಮ ಪಂಚಾಯಿತಿಯ ದೃಢೀಕರಣದ ಮೇಲೆ ಬೀಜ ಮತ್ತು ಟಾರ್ಪಾಲಿನಂಥ ಸಣ್ಣ ಸೌಲಭ್ಯವನ್ನಾದರೂ ಕೊಡುವ ದಾರಿಯನ್ನು ಸರ್ಕಾರ ತೆರೆಯಲೇಬೇಕು. ಇದನ್ನು ನಾನು ಬಹಳ ನೋವಿನಿಂದ ಬರೆಯುತ್ತಿದ್ದೇನೆ.

ಬೆಳೆ ವಿಮೆಯ ಬಗ್ಗೆ ಕೇಂದ್ರದಲ್ಲಿ ಮಾಹಿತಿ ಸಿಗುತ್ತದೆ, ಕಂತು ಕಟ್ಟುವುದು ಬ್ಯಾಂಕು ಅಥವಾ ಸೊಸೈಟಿಯಲ್ಲಿ. ಅಡಿಕೆ, ಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ, ರೈತರ ಪಾಲು ವಿಮಾ ಮೊತ್ತದ ಶೇ. 5. ಪರಿಹಾರ ನಿರ್ಧಾರವಾಗುವುದು ಪಂಚಾಯಿತಿಯ ಮಳೆ ಮಾಪನದ ಅಂಕಿಗಳಿಂದ, ತೋಟದಲ್ಲಿ ಉದುರಿದ ಕಾಯಿಯನ್ನು ಯಾರೂ ಬಂದು ಎಣಿಸುವುದಿಲ್ಲ. ಈ ಒಂದು ವಾಕ್ಯವನ್ನು ಕೇಂದ್ರದವರು ಜೂನ್ ತಿಂಗಳಲ್ಲೇ ಎಲ್ಲರಿಗೂ ಬಿಡಿಸಿ ಹೇಳಿದರೆ ಆಮೇಲೆ ನಡೆಯುವ ಜಗಳಗಳಲ್ಲಿ ಅರ್ಧ ತಪ್ಪುತ್ತವೆ. ಯಂತ್ರಗಳ ಬಾಡಿಗೆಗೆಂದು ಇರುವ ಕೃಷಿ ಯಂತ್ರಧಾರೆ ನಮ್ಮಂಥ ಗುಡ್ಡದ ಗದ್ದೆಗಳಿಗೆ ಅಷ್ಟಾಗಿ ಒದಗುವುದಿಲ್ಲ. ಟ್ರ್ಯಾಕ್ಟರ್ ಇಳಿಯದ ಮಡಿಗಳಿಗೆ ಬೇಕಾದದ್ದು ಸಣ್ಣ ಟಿಲ್ಲರು, ಕಳೆ ಕೊಚ್ಚುವ ಯಂತ್ರ, ಉದ್ದದ ದೋಟಿ. ಮರ ಹತ್ತುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವಾಗ ನೆಲದಲ್ಲಿ ನಿಂತೇ ಅಡಿಕೆ ಗೊನೆಗೆ ಔಷಧಿ ಮುಟ್ಟಿಸುವ ಹಗುರವಾದ ದೋಟಿ ಬಾಡಿಗೆಗೆ ಸಿಗುವಂತಾದರೆ ಸಣ್ಣ ಹಿಡುವಳಿಯವರಿಗೆ ಅದೇ ದೊಡ್ಡ ಸಹಾಯ.

ಸಿಬ್ಬಂದಿಯ ನಡತೆಯ ಬಗ್ಗೆ ನನಗೆ ಒಂದೇ ಒಂದು ಕಹಿ ನೆನಪಿದೆ. ತುಂತುರು ನೀರಾವರಿ ಪೈಪಿನ ಅರ್ಜಿಯ ಸಮಯದಲ್ಲಿ ಒಬ್ಬರು ನನ್ನನ್ನು ನಾಲ್ಕು ಸಲ ಅಲೆಸಿದರು, ಪ್ರತಿ ಸಲವೂ ಹೊಸದೊಂದು ಕಾಗದ ಕೇಳಿದರು. ಮೊದಲ ದಿನವೇ ಎಲ್ಲ ಕಾಗದಗಳ ಪಟ್ಟಿ ಕೊಟ್ಟಿದ್ದರೆ ಮೂರು ದಿನದ ಕೂಲಿ ಉಳಿಯುತ್ತಿತ್ತು. ಉಳಿದಂತೆ ಅಲ್ಲಿ ಯಾರೂ ನನ್ನಿಂದ ಹಣ ಕೇಳಿಲ್ಲ, ಯಾರೂ ಏಕವಚನದಲ್ಲಿ ಮಾತಾಡಿಲ್ಲ. ಅವರಿಗೆ ಇರುವ ಹೊರೆಯನ್ನೂ ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನದವರೆಗೆ ನೋಂದಣಿ, ತಿದ್ದುಪಡಿ, ಒಟಿಪಿ. ಮಳೆ ಜೋರಾದರೆ ಕರೆಂಟು ಹೋಗುತ್ತದೆ, ಕರೆಂಟಿದ್ದರೆ ಸರ್ವರ್ ಇಲ್ಲ, ಎರಡೂ ಇದ್ದರೆ ರೈತನ ಫೋನಿಗೆ ನೆಟ್‌ವರ್ಕ್ ಇಲ್ಲದೆ ಒಟಿಪಿ ಬರುವುದಿಲ್ಲ. ಫೋನನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಶಾಲೆಯ ದಿಬ್ಬದವರೆಗೆ ಓಡಿ, ಸಂಖ್ಯೆ ಬಂದೊಡನೆ ಅಲ್ಲಿಂದಲೇ ಕೂಗಿ ಹೇಳುವ ರೈತರನ್ನು ಅಲ್ಲಿ ಯಾವ ಮಳೆಗಾಲದಲ್ಲೂ ನೋಡಬಹುದು. ಕೃಷಿ ಪದವಿ ಪಡೆದು, ರೋಗ ಗುರುತಿಸಬಲ್ಲ, ಮಣ್ಣು ಓದಬಲ್ಲ ಒಬ್ಬ ಅಧಿಕಾರಿಯ ಇಡೀ ದಿನ ಪರದೆಯ ಮುಂದೆಯೇ ಕಳೆದುಹೋಗುತ್ತದೆ. ಈ ದಾಖಲೆಯ ಕೆಲಸಕ್ಕೆ ಬೇರೊಬ್ಬರನ್ನು ಕೊಟ್ಟು, ಅಧಿಕಾರಿಗಳನ್ನು ಮೇ ಕೊನೆಯಿಂದ ಆಗಸ್ಟ್‌ವರೆಗಾದರೂ ತೋಟ ಗದ್ದೆಗಳಿಗೆ ಬಿಟ್ಟರೆ, ಅದರಿಂದ ಒಂದು ಹೋಬಳಿಯಲ್ಲಿ ಉಳಿಯುವ ಬೆಳೆ ಒಂದು ವರ್ಷದ ರಿಯಾಯಿತಿ ಸಾಮಾನುಗಳ ಬೆಲೆಗಿಂತ ಎಷ್ಟೋ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸಬರು ಹೋಗುವುದಾದರೆ ಸಂತೆಯ ದಿನ ಬಿಟ್ಟು ಹೋಗಿ. ಪಹಣಿ, ಆಧಾರ್, ಪಾಸ್‌ಬುಕ್ ಇವುಗಳ ಜೊತೆಗೆ ಆಧಾರಿಗೆ ಜೋಡಿಸಿದ ಫೋನನ್ನೇ ಒಯ್ಯಿರಿ. ರೋಗದ ಬಗ್ಗೆ ಕೇಳುವುದಿದ್ದರೆ ಉದುರಿದ ಕಾಯಿ, ಚುಕ್ಕೆ ಬಿದ್ದ ಸೋಗೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ, ಕೌಂಟರಿನಲ್ಲಿ ನಿಲ್ಲದೆ ಒಳಗೆ ಹೋಗಿ ಅಧಿಕಾರಿಯ ಮೇಜಿನ ಮೇಲೆ ಇಡಿ. ಕಾಯಿ ಕಣ್ಣಿಗೆ ಬಿದ್ದೊಡನೆ ಅವರು ಕಂಪ್ಯೂಟರನ್ನು ಬಿಟ್ಟು ನಿಮ್ಮ ಕಡೆ ತಿರುಗುತ್ತಾರೆ, ಇದು ನಾನು ಹಲವು ಸಲ ಕಂಡ ಮಾತು.

ಈ ವರ್ಷ ತೋಟಗಾರಿಕೆಯ ಖಾಲಿ ಹುದ್ದೆಗೆ ಮತ್ತೊಬ್ಬರು ಬಂದಿದ್ದಾರೆ, ಬಯಲುಸೀಮೆಯ ಕಡೆಯ ಯುವಕ. ಕೊಳೆರೋಗವನ್ನು ಪುಸ್ತಕದಲ್ಲಿ ಓದಿದ್ದೇನೆ, ತೋಟದಲ್ಲಿ ಇನ್ನೂ ನೋಡಿಲ್ಲ ಎಂದು ಮೊದಲ ಭೇಟಿಯಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದರು. ಔಷಧಿ ಹೊಡೆಸುವ ದಿನ ತಿಳಿಸುತ್ತೇನೆ, ಬನ್ನಿ ಎಂದಿದ್ದೇನೆ. ಮೈಲುತುತ್ತ ತಂದಾಗಿದೆ, ಸುಣ್ಣವನ್ನು ಹಿಂದಿನ ದಿನವೇ ತರಿಸುತ್ತೇನೆ. ಸಂಕದವರೆಗೆ ನನ್ನ ಮಗ ಹೋಗಿ ಅವರನ್ನು ಕರೆದುಕೊಂಡು ಬರುತ್ತಾನೆ, ಹೊಸಬರಿಗೆ ಆ ಅಡಿಕೆ ದಬ್ಬೆಯ ಮೇಲೆ ನಡೆಯುವುದು ಕಷ್ಟ.